ತಾತ ಊದಿದ ಚೀಲ

ಮಧುಗಿರಿಯ ನಮ್ಮ ಮನೆಯಲ್ಲಿ ಯಾರಿಗೆ ಯಾವ ಕಾಯಿಲೆ ಬಂತು, ಯಾವ ಔಷಧಿಗೆ ಹೋಯಿತು ಎಂದು ಬರೆದಿಡುವವಳು ನಾನು. ಓದಿದ ಬಿ.ಎಸ್ಸಿ. ದಂಡವಾಗಬಾರದಲ್ಲ. ಕಾಯಿಲೆಗಳು ಒಂದು ತೂಕವಾದರೆ, ನಮ್ಮವರು ಪರೀಕ್ಷೆಗೆ ಹೋಗುವ ವೈಖರಿಯೇ ಒಂದು ತೂಕ.

೧

ಎಂಟು ವರ್ಷದ ಮೊಮ್ಮಗಳಿಗೆ ಆಗಾಗ ಹೊಟ್ಟೆನೋವು. ಜಠರದಲ್ಲಿ ಬ್ಯಾಕ್ಟೀರಿಯಾ ಇರಬಹುದೆಂದ ಡಾಕ್ಟರು, "ಸೂಜಿ ಬೇಡ. ಒಂದು ಚೀಲಕ್ಕೆ ಊದಲಿ, ಔಷಧಿ ನೀರು ಕುಡಿದು ಇನ್ನೊಂದಕ್ಕೆ ಊದಲಿ. ಇದೆ ಅಂತ ಬಂದರೆ ಮಾತ್ರ ಗಂಟಲಿಗೆ ಪೈಪು ಇಳಿಸಿ ನೋಡೋಣ" ಎಂದರು. ಪೈಪು ಎಂದದ್ದೇ ತಡ, ಹುಡುಗಿ ನನ್ನ ಸೆರಗಿನೊಳಗೆ ಸೇರಿದಳು.

ನಮ್ಮ ಯಜಮಾನರ ಚಿಂತೆಯೇ ಬೇರೆ. "ಮದುವೆ ಮನೇಲಿ ಊದೋರಿಗೆ ನಾವು ದುಡ್ಡು ಕೊಡ್ತೀವಿ. ಇಲ್ಲಿ ಊದೋರೇ ಕೊಡ್ಬೇಕಾ?"

೨

ಉಪವಾಸ ಕರೆತರಬೇಕೆಂದು ಹೇಳಿದ್ದರು. ಐ.ಡಿ.ಹಳ್ಳಿಯ ಬೀಗಿತ್ತಿ ತಮ್ಮ ಮನೆಯಿಂದಲೇ ಮೊಮ್ಮಗಳನ್ನು ಆಸ್ಪತ್ರೆಗೆ ಕರೆತಂದರು.

"ಏನಾದ್ರೂ ತಿಂದ್ಲಾ?" ನರ್ಸ್ ಕೇಳಿದಳು.

"ಕಟ್ಟುನಿಟ್ಟು ಉಪವಾಸ ಕಣಮ್ಮ. ಒಂದಗುಳು ಅನ್ನ ಮುಟ್ಟಿಸಿಲ್ಲ."

"ಮತ್ತೆ ತುಟೀಲಿ ಅಂಟಿರೋದೇನು?"

"ಅದಾ, ಉಪ್ಪಿಟ್ಟು. ಬಾಳೆಹಣ್ಣು, ಒಂದ್ಲೋಟ ಹಾಲು. ಶಿವರಾತ್ರೀಲಿ ನಾವು ಇಂಗೇ ಅಲ್ವಾ ಇರೋದು?"

"ಶಿವ ಒಪ್ತಾನಮ್ಮ, ಮಷೀನು ಒಪ್ಪಲ್ಲ."

೩

ಎರಡನೇ ಸಲ ನಾನೇ ಕಾವಲಿದ್ದು ಖಾಲಿ ಹೊಟ್ಟೆಯಲ್ಲಿ ಕರೆದೊಯ್ದೆ. ಮೊದಲ ಚೀಲಕ್ಕೆ ಊದಿದಳು. ಔಷಧಿ ನೀರಿನ ಲೋಟ ಕೈಗೆ ಬಂದಾಗ ಯಜಮಾನರನ್ನು ಪಕ್ಕ ಕೂರಿಸಿ, ಮಗುವಿನ ಹೊಟ್ಟೆಯ ಚರಿತ್ರೆಯನ್ನು ಡಾಕ್ಟರಿಗೆ ಓದಿ ಹೇಳಲು ಹೋದೆ. ಬರುವಷ್ಟರಲ್ಲಿ ಎರಡನೇ ಚೀಲ ತಮಟೆಯಂತೆ ಬಿಗಿದಿತ್ತು. ಭೇಷ್ ಎಂದು ಮೊಮ್ಮಗಳ ಬೆನ್ನು ತಟ್ಟಿದೆ. ತಾತ, ಮೊಮ್ಮಗಳು ಇಬ್ಬರೂ ಗೋಡೆ ನೋಡುತ್ತಿದ್ದರು.

ಬ್ಯಾಕ್ಟೀರಿಯಾ ಇದೆ ಎಂದು ವರದಿ ಬಂತು. ಪೈಪಿಗೆ ದಿನ ಗೊತ್ತಾಯಿತು. ಹುಡುಗಿ ಬಿಕ್ಕತೊಡಗಿದಳು. "ನಾನಲ್ಲ ಅಜ್ಜಿ. ತಾತಾನೇ ಕುಡ್ದಿದ್ದು, ತಾತಾನೇ ಊದಿದ್ದು."

ಯಜಮಾನರ ದನಿ ಇಳಿದಿತ್ತು. "ಎರಡು ಗುಟುಕಿಗೇ ಸಾಕು ಅಂತು ಮಗು. ಎಂಜಲು ಅಂತ ಚೆಲ್ಲಕ್ಕಾಗ್ತದಾ? ಕುಡಿದ್ಬುಟ್ಟೆ. ಕುಡಿದೋರು ಊದೋದು ನ್ಯಾಯ ಅಲ್ವಾ?"

ಈ ಸಲ ಅವಳಿಂದಲೇ ಮತ್ತೆ ಊದಿಸಿದರು. ಮೊಮ್ಮಗಳ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಯಜಮಾನರತ್ತ ತಿರುಗಿದರು. ಪೈಪಿನ ದಿನ ಹಾಗೇ ಉಳಿಯಿತು, ಹೆಸರು ಮಾತ್ರ ಬದಲಾಯಿತು.

ಆ ದಿನ ಕೋಣೆಯ ಬಾಗಿಲಲ್ಲಿ ಯಜಮಾನರು ಮೊಮ್ಮಗಳ ಕೈ ಬಿಡಲೊಲ್ಲರು. "ಭಯ ಆಗ್ತದೆ ಕಣೇ."

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಊದೋದಾಗಿದ್ರೆ ನಿನ್ ಬದ್ಲು ನಾನೇ ಊದ್ತಿದ್ದೆ ತಾತ. ಪೈಪು ನೀನೇ ನುಂಗು."