ಬಂಡಿ ಹೋಗದ ಊರಿನ ಹೆಣ್ಣು

ನಮ್ಮ ಬಯಲುಸೀಮೆಯ ಮಂದಿ ಗುಡ್ಡ ಹತ್ತಿದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಗುಡ್ಡದ ತಪ್ಪೇನೂ ಇರುವುದಿಲ್ಲ, ಅದು ತನ್ನ ಪಾಡಿಗೆ ತಾನು ನಿಂತಿರುತ್ತದೆ. ನಾವೇ ನಮ್ಮೂರನ್ನು ಗಂಟು ಕಟ್ಟಿ ತಲೆಯ ಮೇಲೆ ಹೊತ್ತುಕೊಂಡು ಹೋಗಿರುತ್ತೇವೆ.

ಯುದ್ಧ ನಡೆದಿದ್ದ ಕಾಲ. ನಾನು ತಿಕೋಟಾದಲ್ಲಿ ಸಾಲಿ ಮಾಸ್ತರ. ಪರ್ವತ ಅಂದರೇನು, ಸರೋವರ ಅಂದರೇನು ಎಂದು ಮಕ್ಕಳಿಗೆ ಭೂಗೋಳ ಕಲಿಸುತ್ತಿದ್ದೆ. ಆದರೆ ಜೀವಮಾನದಲ್ಲಿ ನಾನು ಹತ್ತಿದ ಎತ್ತರವೆಂದರೆ ಗೋಳಗುಮ್ಮಟದ ಮೆಟ್ಟಿಲು ಮಾತ್ರ. ಅಂಥ ಹೊತ್ತಿನಲ್ಲಿ ಬಬಲೇಶ್ವರದ ನನ್ನ ಸೋದರಮಾವ ಒಂದು ಸಂಬಂಧ ತಂದರು. ಅವರ ಬಾಲ್ಯದ ಗೆಳೆಯನೊಬ್ಬ ಬಬಲೇಶ್ವರ ಬಿಟ್ಟು ಹೋಗಿ, ಪುಣೆಯ ಆಚೆ ಗುಡ್ಡದ ತಲೆಯ ಮೇಲೆ, ಕೆರೆ ದಂಡೆಯ ಊರೊಂದರಲ್ಲಿ ಖಾನಾವಳಿ ಇಟ್ಟುಕೊಂಡಿದ್ದ. ಅವನಿಗೊಬ್ಬ ಮಗಳು. ಆ ಊರಿಗೆ ರಸ್ತೆ ಇಲ್ಲ. ಮೋಟಾರು ಹೋಗದು, ಬಂಡಿ ಹೋಗದು, ಸೈಕಲ್ಲು ಕೂಡ ಹೋಗದು. ಗುಡ್ಡದ ಬುಡದಲ್ಲಿ ರೈಲು ಇಳಿದು ಕಾಲುಹಾದಿ ಹಿಡಿಯಬೇಕು.

ಇದನ್ನು ಕೇಳಿದ್ದೇ ತಡ, ಅವ್ವ ಮುಖ ತಿರುಗಿಸಿದಳು. ಅಪ್ಪನದು ಎಂದಿನಂತೆ ಅವ್ವನ ಮಾತೇ ಮಾತು.

"ಬಂಡಿ ಹೋಗದ ಊರಿನ ಹೆಣ್ಣು ನನಗ ಬ್ಯಾಡ," ಅಂದಳು ಅವ್ವ. "ನಾನು ಈ ಮನಿಗೆ ಸವಾರಿ ಬಂಡಿಯೊಳಗ ಬಂದೇನಿ. ನಮ್ಮತ್ತಿನೂ ಬಂಡಿಯೊಳಗ ಬಂದಾಳ. ಸೊಸಿ ಅಂದಮ್ಯಾಲೆ ಬಾಗಲಾಗ ಬಂಡಿ ಇಳೀಬೇಕು. ನಡಕೊಂತ ಬರಾಕಿ ಸೊಸಿ ಅಲ್ಲ, ಜ್ವಾಳಾ ಕೊಯ್ಯಾಕ ಬರೂ ಆಳು."

"ಅಕ್ಕಾ, ಅವರ ಊರಿಗೆ ಬಂಡಿ ಹೋಗದಿದ್ರ ಏನಾತು, ನಮ್ಮೂರಿಗೆ ಬರ್ತೈತಲ್ಲ," ಅಂದರು ಮಾವ. "ವಿಜಾಪುರದಿಂದ ನಾನ ಮುಂದ ನಿಂತು ತರ್ತೀನಿ. ಖಾಲಿ ಬಂಡಿ ನಿನ್ನ ಬಾಗಲಿಗೆ ಬರೂದಿಲ್ಲ. ಇದು ನನ್ನ ಮಾತು."

ಅವ್ವ ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. "ನೋಡಿಕೊಂಡರ ಬರ್ರಿ" ಅಂದಳು. ಚಕ್ರವನ್ನೇ ಕಾಣದ ಊರು ಹೇಗಿರುತ್ತದೆ, ಅಲ್ಲಿ ಹುಟ್ಟಿ ಬೆಳೆದ ಹುಡುಗಿ ಹೇಗಿರುತ್ತಾಳೆ ಎಂದು ನನಗಂತೂ ಕುತೂಹಲ ತಡೆಯದಾಗಿತ್ತು.

ಭೂತನಾಳದ ನೀರು

ಊರು ಬದಲಾದರೆ ನಡೆಯುತ್ತದೆ, ನೀರು ಬದಲಾದರೆ ಹೊಟ್ಟೆ ಕೆಡುತ್ತದೆ ಎಂಬುದು ಮಾವನ ನಂಬಿಕೆ. ವಿಜಾಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಬಳಗದವರ ಮನೆಯಿತ್ತು. ಹೊರಡುವ ಮುಂಜಾನೆ ಅಲ್ಲಿ ನಳದ ಕೆಳಗೆ ಕೂತು, ಭೂತನಾಳ ಕೆರೆಯಿಂದ ಬಂದ ನೀರನ್ನು ಒಂದು ತಾಮ್ರದ ಕೊಡಕ್ಕೆ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿದರು.

"ಮಾಮಾ, ನಾವು ಹೊಂಟಿದ್ದ ಕೆರಿ ದಂಡಿ ಊರಿಗೆ," ಅಂದೆ.

"ಕೆರಿ ಅವರದು, ಹೊಟ್ಟಿ ನನ್ನದು," ಅಂದರು.

ಹೊಟಗಿಯಲ್ಲಿ ರೈಲು ಬದಲಿಸುವಾಗ ಆ ಕೊಡವನ್ನು ಎದೆಗೆ ಅವಚಿಕೊಂಡಿದ್ದರು. ಗುಡ್ಡದ ಬುಡದಲ್ಲಿ ಹಮಾಲ ಕೈ ಚಾಚಿದರೆ ನಮ್ಮ ಗಂಟುಗಳನ್ನೆಲ್ಲ ಕೊಟ್ಟರು, ಕೊಡ ಕೊಡಲಿಲ್ಲ. ಅರ್ಧ ದಿನದ ಏರು. ನನ್ನ ಗಂಟಲು ಒಣಗಿ ಎರಡು ಸಲ ಕೇಳಿದೆ. ಎರಡು ಸಲವೂ ಒಂದೊಂದೇ ಗುಟುಕು ಸಿಕ್ಕಿತು. ಹಾದಿಯುದ್ದಕ್ಕೂ ಎಡಕ್ಕೊಂದು ಬಲಕ್ಕೊಂದು ಝರಿ ಸುರಿಯುತ್ತಿದ್ದವು. ಮಾವ ಆ ಕಡೆ ನೋಡಲೂ ಇಲ್ಲ.

ಖಾನಾವಳಿ ತಲುಪುವ ಹೊತ್ತಿಗೆ ಅವರು ಕಟ್ಟೆಯ ಮೇಲೆ ಕುಸಿದು ಕಣ್ಣು ಮುಚ್ಚಿದರು. ಹುಡುಗಿಯ ಅಜ್ಜಿ ಬಾಗಿಲಲ್ಲೇ ಇದ್ದಳು. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡಬೇಕಲ್ಲ, ಅದು ನಮ್ಮ ಕಡೆಯ ರೀತಿ. ಗುಡ್ಡದ ಮೇಲೂ ಆಕೆ ಅದನ್ನು ಬಿಟ್ಟಿರಲಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಮಾವನ ಕಾಲ ಮೇಲೆ ತಣ್ಣಗೆ ನೀರು ಹರಿಯಿತು. ಮಾವ ಕಣ್ಣು ಮುಚ್ಚಿಕೊಂಡೇ ಎರಡೂ ಪಾದ ಚೆನ್ನಾಗಿ ತಿಕ್ಕಿಕೊಂಡರು.

"ಆಹಾ, ಏನ್ ತಂಪೈತಿ. ಕೆರಿ ನೀರಂದ್ರ ಇದ ನೋಡ್ರಿ. ಇದರ ಮುಂದ ನಮ್ಮ ಭೂತನಾಳದ ನೀರು ಏನೇನೂ ಅಲ್ಲ."

ಅಜ್ಜಿ ತಾಮ್ರದ ಕೊಡವನ್ನು ಕೊನೆಯ ಹನಿಯವರೆಗೆ ಬೋರಲು ಹಾಕುತ್ತ ಅಂದಳು, "ನಮ್ಮ ನೀರು ಇನ್ನಾ ತರಾಕ ಹೋಗ್ಯಾರ್ರಿ. ಇದು ನೀವು ತಂದದ್ದ."

ಗುಮ್ಮಟ ಕಾಣದ ಊರು

ವಿಜಾಪುರದಲ್ಲಿ ದಾರಿ ತಪ್ಪಬೇಕೆಂದರೂ ತಪ್ಪುವುದಿಲ್ಲ. ಯಾವ ಓಣಿಯಲ್ಲೇ ಇರಲಿ, ತಲೆ ಎತ್ತಿದರೆ ಗೋಳಗುಮ್ಮಟ. ಅದು ಯಾವ ಕೈಗೆ ಇದೆ ಎಂದು ನೋಡಿಕೊಂಡರೆ ಮನೆ ಸಿಕ್ಕಂತೆಯೇ. ಮರುದಿನ ನಸುಕಿನಲ್ಲಿ ನಾನೂ ಮಾವನೂ ತಂಬಿಗೆ ಹಿಡಿದು ಹೊರಟೆವು. ಕೆಲಸ ಮುಗಿಸಿ ತಿರುಗಿ ನೋಡಿದರೆ ಸುತ್ತ ಮಂಜು. ಇಬ್ಬರೂ ರೂಢಿಯಂತೆ ತಲೆ ಎತ್ತಿದೆವು. ಮೇಲೆ ಬರೀ ಮರದ ಎಲೆ.

ಹುಲ್ಲಿನ ಹೊರೆ ಹೊತ್ತವನೊಬ್ಬ ಸಿಕ್ಕ. ಖಾನಾವಳಿ ಮೂಡಲಿಗೋ ಪಡುವಲಿಗೋ ಎಂದು ನನಗೆ ಬರುವ ಮರಾಠಿಯಲ್ಲಿ ಕೇಳಿದೆ. ಅವನು ಮೇಲೆ ಕೈ ತೋರಿಸಿದ, ಆಮೇಲೆ ಕೆಳಗೆ ತೋರಿಸಿದ, ಹೊರಟು ಹೋದ.

"ಮ್ಯಾಲೆ ಕೆಳಗ ಅಂದ್ರ ಅದೊಂದು ದಿಕ್ಕೇನಲೇ?" ಮಾವನಿಗೆ ಸಿಟ್ಟು ಬಂತು. "ಅದು ಬಾವ್ಯಾಗ ಬಿದ್ದಾವಗ ಹೇಳೂ ಮಾತು."

ಕಡೆಗೆ ಅವರೇ ಒಂದು ಉಪಾಯ ತೆಗೆದರು. ನೀರಿದ್ದಲ್ಲಿ ಊರು ಇದ್ದೇ ಇರುತ್ತದೆ, ಕೆರೆಯನ್ನು ಬಲಗೈಗೆ ಇಟ್ಟುಕೊಂಡು ನಡೆದರೆ ಮನೆ ಮುಟ್ಟುತ್ತೇವೆ ಎಂದು. ನಡೆದೆವು. ಒಂದು ಚಪ್ಪಟೆ ಕಲ್ಲು ಸಿಕ್ಕಿತು. ಇನ್ನಷ್ಟು ನಡೆದೆವು. ಅಂಥದೇ ಇನ್ನೊಂದು ಕಲ್ಲು. ಮೂರನೆಯ ಕಲ್ಲಿನ ಹೊತ್ತಿಗೆ ಭೂಗೋಳದ ಮಾಸ್ತರನಿಗೆ ಅನುಮಾನ ಬಂತು, ಕೆರೆ ದುಂಡಗಿರಬಹುದು ಎಂದು. ತಿರುಗಿ ನೋಡಿದರೆ ನಮ್ಮ ಹಿಂದೆ ಇಬ್ಬರು ಮುದುಕಿಯರು ಹೂವು ಹಿಡಿದು, ಕೈ ಮುಗಿದುಕೊಂಡು, ನಮ್ಮ ಹೆಜ್ಜೆಗೆ ಹೆಜ್ಜೆ ಹಾಕಿ ಬರುತ್ತಿದ್ದರು. ದೂರದೂರಿನವರು ತಂಬಿಗೆ ಹಿಡಿದು ಕೆರೆಗೆ ಪ್ರದಕ್ಷಿಣೆ ಹಾಕುತ್ತಿದ್ದಾರೆ, ದೊಡ್ಡ ಹರಕೆಯೇ ಇರಬೇಕು ಎಂದು ಅವರೂ ಕೂಡಿಕೊಂಡಿದ್ದರು.

ಒಬ್ಬಾಕೆ ಭಕ್ತಿಯಿಂದ, ಎಷ್ಟು ಸುತ್ತಿನ ಹರಕೆ ಎಂದು ಕೇಳಿದಳು. ನಾನು ಕನ್ನಡಕ್ಕೆ ತಿರುಗಿಸಿ ಮಾವನಿಗೆ ಹೇಳಿದೆ.

ಮಾವ ತಂಬಿಗೆಯನ್ನು ಇನ್ನೊಂದು ಕೈಗೆ ಬದಲಿಸಿ ಅಂದರು, "ಮನಿ ಸಿಗೂತನಕ ಅಂತ ಹೇಳು."

ನಡೆದು ತೋರಿಸುವುದು

ಹೆಣ್ಣು ನೋಡಲು ಹೋದರೆ, ಒಂದೆರಡು ಹೆಜ್ಜೆ ನಡೆದು ತೋರಿಸು ಎಂದು ಕೇಳುವುದು ನಮ್ಮಲ್ಲಿ ರೂಢಿ. ಕಾಲು ನೆಟ್ಟಗಿವೆಯೋ ಕುಂಟುತ್ತಾಳೋ ತಿಳಿಯಲಿ ಎಂದು. ಹುಡುಗಿ ಗೋಡೆಯಿಂದ ಬಾಗಿಲಿಗೆ, ಬಾಗಿಲಿಂದ ಗೋಡೆಗೆ ತಲೆ ತಗ್ಗಿಸಿ ನಡೆಯುತ್ತಾಳೆ, ಅಷ್ಟೇ. ಅವತ್ತೂ ಚುರಮುರಿ ಸುಸಲಾ ತಿನ್ನುತ್ತ ಮಾವ ಕೇಳಿದರು.

"ಒಂದೀಟು ನಡದು ತೋರ್ಸವಾ ತಂಗಿ."

"ಎಲ್ಲೀತನಕ ನಡೀಲ್ರಿ?" ಅಂದಳು ಹುಡುಗಿ.

ಇಂಥ ಪ್ರಶ್ನೆಯನ್ನು ಮಾವ ಯಾರಿಂದಲೂ ಕೇಳಿರಲಿಲ್ಲ. "ಎಲ್ಲೀತನಕರ ನಡಿಯವಾ," ಅಂದುಬಿಟ್ಟರು.

ಹುಡುಗಿ ಮೂಲೆಯ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೊರಗೆ ನಡೆದೇ ಬಿಟ್ಟಳು. ಖಾನಾವಳಿಯಿಂದ ಕೆರೆಗೆ ನೆಟ್ಟಗೆ ಇಳಿಯುವ ಒಳದಾರಿ ಕಡಿದಾದ ಬಂಡೆಗಳ ಹಾದಿ. ಹಿಂದಿನ ದಿನ ಅಲ್ಲಿಂದ ಕೆಳಗೆ ಇಣುಕಿ ನೋಡಿದ್ದಕ್ಕೇ ನನಗೆ ತಲೆ ತಿರುಗಿತ್ತು. ಮಾವನ ತಾಟಿನಲ್ಲಿ ಸುಸಲಾ ಇನ್ನೂ ಅರ್ಧ ಉಳಿದಿತ್ತು, ಅಷ್ಟರಲ್ಲಿ ಅವಳು ತುಂಬಿದ ಕೊಡ ತಂದು ಇಳಿಸಿದಳು. ಮೂಗಿನ ಉಸಿರೂ ಜೋರಾಗಿರಲಿಲ್ಲ.

"ನಮ್ಮ ಹುಡಿಗಿ ನಡದು ತೋರಿಸಿದ್ಲು," ಅಂದಳು ಅಜ್ಜಿ. "ಇನ್ನ ಹುಡುಗ ನಡದು ತೋರಸ್ಲಿ."

ಎಲ್ಲರೂ ನಕ್ಕರು, ಆದರೆ ಅಜ್ಜಿ ನಗಲಿಲ್ಲ. ನಾನು ಕೊಡ ಎತ್ತಿಕೊಂಡು ಎದ್ದೆ. ಇಳಿಯುವಾಗ ಏನೂ ಆಗಲಿಲ್ಲ, ಕೂತು ಕೂತು ಇಳಿದೆ. ಏರುವಾಗ ಅರ್ಧ ಹಾದಿಗೆ ಕೊಡದ ನೀರು ಅರ್ಧವಾಯಿತು, ಮುಕ್ಕಾಲು ಹಾದಿಗೆ ನಾನೇ ಅರ್ಧವಾದೆ. ಒಂದು ಬಂಡೆ ತಬ್ಬಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಖಾನಾವಳಿಯ ಸಾಮಾನು ಹೊರುವ ಕುದುರೆಯನ್ನು ಹಿಡಿದುಕೊಂಡು ಆ ಹುಡುಗಿಯೇ ಬಂದಳು. ನನ್ನನ್ನು ಹತ್ತಿಸಿ, ಲಗಾಮು ಹಿಡಿದು ಮುಂದೆ ನಡೆದಳು. ನಾನು ಕುದುರೆಯ ಕೊರಳು ಅಪ್ಪಿಕೊಂಡಿದ್ದೆ.

"ಬಂಡಿಯೊಳಗ ಕುಂತ್ರ ಹೊಟ್ಟಿ ತೊಳಸ್ತೈತಂತಲ್ರಿ, ಖರೇನ?" ಎಂದು ತಿರುಗಿ ನೋಡದೆ ಕೇಳಿದಳು.

ನನಗೆ ಆಗಲೇ ತೊಳಸುತ್ತಿತ್ತು. ಆದರೂ ಹಾಗೆ ಕೇಳಿದವಳನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗಬಾರದು ಅನ್ನಿಸಿತು. ಅವ್ವ ಒಪ್ಪದಿದ್ದರೆ ಏನು ಗತಿ ಎಂದು ಆಗಲೇ ಹೆದರಿಕೆ ಹುಟ್ಟಿತು.

ಬಾಗಿಲಲ್ಲಿ ಮಾವ ತಲೆ ತಗ್ಗಿಸಿ ನಿಂತಿದ್ದರು. ಅಜ್ಜಿಯೇ ಸಮಾಧಾನ ಹೇಳಿದಳು, "ಇರ್ಲಿ ಬಿಡ್ರಿ. ಮಾಸ್ತರ್ಕಿ ಹೆಂಗೂ ಕುಂತು ಮಾಡೂ ಕೆಲಸ."

ಎರಡೇ ಸಲ

ಹೊರಡುವ ಮುಂಚೆ ನಮ್ಮನ್ನು ಕೆರೆಯ ಆಚೆ ಒಂದು ತುದಿಗೆ ಕರೆದುಕೊಂಡು ಹೋದರು. ಅಲ್ಲಿ ಕೂಗಿದರೆ ಎದುರಿನ ಗುಡ್ಡ ತಿರುಗಿ ಕೂಗುತ್ತದಂತೆ. ಮಾವ ರುಮಾಲು ಸರಿಮಾಡಿಕೊಂಡು, ಹೊಲದಲ್ಲಿ ಎತ್ತು ಕರೆಯುವ ದನಿಯಲ್ಲಿ ಒಮ್ಮೆ ಕೂಗಿದರು. ಬೆರಳು ಮಡಿಸುತ್ತ ಎಣಿಸಿದರು. ಎರಡು ಬೆರಳು ಮಡಿಸಿ, ಮೂರನೆಯದನ್ನು ಹಿಡಿದುಕೊಂಡು ಬಹಳ ಹೊತ್ತು ಕಾದರು.

"ಎರಡ?" ಅಂದರು. "ನಮ್ಮ ಗುಮ್ಮಟದಾಗ ಏಳು ಸಲ ಕೇಳಸ್ತೈತ್ರಿ."

"ನಾವು ಒಂದ ಸಲ ಹೇಳಿದ್ರ ಕೇಳೂ ಮಂದಿ," ಅಂದಳು ಅಜ್ಜಿ. "ಏಳು ಸಲ ಹೇಳಿಸ್ಕೊಳ್ಳೂದು ನಿಮಗ ರೂಢಿ ಇರಬೇಕು."

ಗುಡ್ಡ ಇಳಿದು ಬುಡಕ್ಕೆ ಬಂದ ಮೇಲೆ ಮಾವ ಅಂದರು, "ಈ ಮುದಿಕಿಗೆ ಉತ್ತರ ಕೊಡೂದು ನಮ್ಮಿಂದ ಆಗೂದಿಲ್ಲ. ಆಕಿ ಮೊಮ್ಮಗಳನ್ನ ನಮ್ಮ ಕಡೆ ಮಾಡ್ಕೊಳ್ಳೂದ ಚಲೋ."

ಖಾಲಿ ಬಂಡಿ

ಅವ್ವ ಒಪ್ಪಿದಳು, ಆದರೆ ಕರಾರು ಬಿಡಲಿಲ್ಲ. ಸೊಸೆ ಬಂಡಿಯೊಳಗೆ ಬಂದರೆ ಮನೆ ತುಂಬಿಸಿಕೊಳ್ಳುವುದು, ಇಲ್ಲದಿದ್ದರೆ ಆರತಿ ಎತ್ತುವುದಿಲ್ಲ. ಮದುವೆ ಜೋರಾಪುರ ಪೇಟೆಯಲ್ಲೇ ಆಯಿತು. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಾಸಿಂಗ, ಸೆರಗು, ಅಕ್ಕಿಕಾಳಿನ ನಡುವೆ ಸೊಸೆ ಎಂದು ಅವಳಿಗೆ ಕಂಡದ್ದು ಹೊದ್ದ ಶಾಲಿನ ಹಳದಿ ಬಣ್ಣ ಮಾತ್ರ. ಮರುದಿನ ಬೆಳಿಗ್ಗೆಯೇ, ಮನೆ ತುಂಬಿಸಿಕೊಳ್ಳುವ ತಯಾರಿಗೆಂದು ಅವಳು ತಿಕೋಟಾಕ್ಕೆ ಮುಂದಾಗಿ ಹೋದಳು.

ಮಧ್ಯಾಹ್ನ ನಮ್ಮ ಬಂಡಿ ಹೊರಟಿತು. ಎತ್ತಿಗೆ ಗೆಜ್ಜೆ, ಮೇಲೆ ಕಮಾನು, ಒಳಗೆ ಹೊಸ ಹೆಂಡತಿ. ನಾನೂ ಮಾವನೂ ಜೊತೆಗೆ ನಡೆಯುತ್ತಿದ್ದೆವು. ಊರ ಹೊರಗೆ ಬರುವಷ್ಟರಲ್ಲಿ ಅವಳ ಮುಖ ಬಿಳಿಚಿತು. ಬಂಡಿ ನಿಲ್ಲಿಸುವ ಮೊದಲೇ ಕೆಳಗೆ ಜಿಗಿದಳು.

"ನಾನು ನಡೀತೀನ್ರಿ. ಊರು ಬಂದಮ್ಯಾಲೆ ಹತ್ತತೀನಿ," ಅಂದಳು.

ಮಾವ ಹಣೆ ಒರೆಸಿಕೊಂಡರು. "ಖಾಲಿ ಬಂಡಿ ಬರೂದಿಲ್ಲಂತ ಅಕ್ಕಗ ಮಾತು ಕೊಟ್ಟೇನಲ್ಲೋ," ಅಂದು, ಸೊಸೆ ಬಿಟ್ಟ ಜಾಗದಲ್ಲಿ ತಾವೇ ಹತ್ತಿ ಕೂತರು. ಸುಂಟರಗಾಳಿಗೆ ಧೂಳು ಎದ್ದಿತ್ತು. ಅವಳ ಹಳದಿ ಶಾಲನ್ನು ತಲೆತುಂಬ ಹೊದ್ದು ನಿದ್ದೆ ಹೋದರು.

ಗುಡ್ಡದ ಕಾಲಿಗೆ ಬಯಲು ಸಿಕ್ಕರೆ ಕೇಳಬೇಕೇ. ಅವಳು ಎತ್ತುಗಳನ್ನು ಹಿಂದೆ ಹಾಕಿ ನಡೆದಳು. ನಾನು ಅವಳನ್ನೂ ಮುಟ್ಟಲಾರದೆ, ಬಂಡಿಯನ್ನೂ ಕಾಯಲಾರದೆ ನಡುವೆ ಕುಂಟುತ್ತಿದ್ದೆ. ಕಡೆಗೆ ಬಂಡಿಯೂ ನನ್ನನ್ನು ಹಿಂದೆ ಹಾಕಿತು. ನಮ್ಮ ಮನೆ ಊರಂಚಿಗೇ ಇತ್ತು, ಪಕ್ಕದಲ್ಲಿ ದ್ರಾಕ್ಷಿ ತೋಟದ ಬಾವಿ. ಬಂಡಿ ಬರಲಿ ಎಂದು ಅವಳು ಬಾವಿಕಟ್ಟೆಯ ಮೇಲೆ ಕೂತಳು. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದ್ದು.

ಅವ್ವ ಕೊಡ ಹಿಡಿದು ಬಂದಳು. "ಯಾರವಾ ಅಲ್ಲಿ? ಒಂದು ಕೊಡ ಸೇದಿ ಕೊಡವಾ, ಕಣ್ಣು ಕಾಣವೊಲ್ದು."

ಅವಳು ಸೇದಿದಳು, ಹೊತ್ತು ಹಿತ್ತಿಲ ತನಕ ತಂದಳು. ಅವ್ವ ಜೊತೆಗೆ ನಡೆಯುತ್ತ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿಕೊಂಡಳು. "ಇವತ್ತ ಸೊಸಿ ಬರಾಕತ್ತಾಳ. ಬಂಡಿನ ಕಾಣದ ಊರಾಕಿ. ಬಾವಿ ನೀರು ಸೇದಾಕರ ಬರ್ತೈತೋ ಇಲ್ಲೋ. ನಿನ್ನಂಥಾಕಿ ಸಿಕ್ಕಿದ್ರ ನಾನು ಬಂಡಿ ಗಿಂಡಿ ಕೇಳ್ತಿದ್ದಿಲ್ಲ ನೋಡು, ಕೈ ಹಿಡದು ಒಳಗ ಕರ್ಕೋತಿದ್ದೆ."

ಅವಳು "ಹ್ಞೂಂನ್ರಿ" ಅಂದು, ಇನ್ನೊಂದು ಕೊಡ ತರಲು ಹೋದಳು.

ಅಷ್ಟರಲ್ಲಿ ಗೆಜ್ಜೆಯ ಸಪ್ಪಳ ಕೇಳಿತು. ಹೊತ್ತು ಮುಳುಗಿ ಮಬ್ಬುಗತ್ತಲೆ. ನಾನು ಏದುಸಿರು ಬಿಡುತ್ತ ಓಣಿಯ ತುದಿಗೆ ಬಂದಾಗ ಬಂಡಿ ಆಗಲೇ ಬಾಗಿಲಲ್ಲಿ ನಿಂತಿತ್ತು. ಅವ್ವ ಆರತಿ ಹಿಡಿದು ಬಂದಳು. ಒಳಗೆ ಹಳದಿ ಶಾಲು ತಲೆತುಂಬ ಹೊದ್ದು, ತಲೆ ತಗ್ಗಿಸಿ ಕೂತವರನ್ನು ಕಂಡು ಅವಳ ಮುಖ ಅರಳಿತು. ಆರತಿ ಬೆಳಗಿದಳು, ಕುಂಕುಮ ಹಚ್ಚಿದಳು, ಕಾಯಿ ಒಡೆಸಿದಳು. ಆಮೇಲೆ ಪ್ರೀತಿಯಿಂದ ಎರಡೂ ಕೈ ಚಾಚಿ ಗಲ್ಲ ಸವರಿ ಲಟಿಗೆ ಮುರಿಯಲು ಹೋದಳು. ಕೈ ಅಲ್ಲೇ ನಿಂತಿತು. ಇನ್ನೊಮ್ಮೆ ನಿಧಾನವಾಗಿ ಸವರಿ ನೋಡಿದಳು.

ಹಿಂದೆ ನಿಂತ ನೆರೆಮನೆಯವರ ಕಡೆ ತಿರುಗಿ ಮೆಲ್ಲಗೆ ಅಂದಳು, "ಥಂಡಿ ಸೀಮಿ ನೋಡ್ರವಾ. ಹೆಣ್ಮಕ್ಕಳಿಗೂ ಮೀಸಿ ಬರ್ತಾವೋ ಏನೋ."

ಮಾವನಿಗೆ ಎಚ್ಚರವಾಯಿತು. "ಬಂಡಿ ಖಾಲಿ ಬಂದಿಲ್ಲಕ್ಕಾ," ಅಂದರು.

ಅವ್ವ ಆರತಿ ತಾಟು ಕೆಳಗಿಟ್ಟಳು. "ಸೊಸಿ ಎಲ್ಲಿ?" ಎಂದು ಕೇಳಿದಳು. ಮುಗಿಯಿತು ನನ್ನ ಸಂಸಾರ ಅಂದುಕೊಂಡೆ. ಆಗ ಮನೆಯ ಪಕ್ಕದ ಸಂದಿಯಿಂದ, ಸೊಂಟದ ಮೇಲೆ ತುಂಬಿದ ಕೊಡ ಹೊತ್ತು ಅವಳು ಬಂದಳು.

"ಈ ಕೊಡ ಎಲ್ಲಿಡಲ್ರಿ, ಅತ್ತಿ?"

ಅವ್ವ ಹತ್ತಿರ ಹೋಗಿ ಅವಳ ಮುಖಕ್ಕೆ ಮುಖ ತಂದು ನೋಡಿದಳು. ಕೊಡ ಇಳಿಸಿಕೊಂಡು ಕೆಳಗಿಟ್ಟಳು, ಕೈ ಹಿಡಿದು ಒಳಗೆ ಕರೆದುಕೊಂಡು ನಡೆದಳು. ನನಗೆ ಸಂತೋಷಕ್ಕೆ ಕಣ್ಣು ತುಂಬಿ ಬಂದವು.

"ಅಕ್ಕಾ, ನಾನು?" ಅಂದರು ಮಾವ ಬಂಡಿಯೊಳಗಿಂದ, ಹಣೆಯ ತುಂಬ ಕುಂಕುಮ.

ಅವ್ವ ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದಳು. "ಆರತಿ ಆಗೇತಲ್ಲ, ಇನ್ನೇನ್ ಮಾಡೂದು. ಬಲಗಾಲಿಟ್ಟು ಬಾ."

ಮಾವ ಬಲಗಾಲಿಟ್ಟೇ ಬಂದರು. ಮೂರು ತಿಂಗಳಾದರೂ ಬಬಲೇಶ್ವರದ ಹೆಸರೆತ್ತಲಿಲ್ಲ. ಹೊಲ ಬಿತ್ತುವ ಹೊತ್ತಾಯಿತಲ್ಲ ಎಂದು ಯಾರಾದರೂ ನೆನಪು ಮಾಡಿದರೆ, ಊಟದ ತಾಟಿನಿಂದ ತಲೆ ಎತ್ತಿ ಅನ್ನುತ್ತಿದ್ದರು, "ಮನಿ ತುಂಬಿಸ್ಕೊಂಡವರನ್ನ ಯಾರರ ಹೋಗಂತಾರೇನು?"