ನೀಲಗಂಗಮ್ಮನ ಯುನಿಕ್ಸ್ ಸಂಸಾರ

ಒಂದೇ ಗಡಿಗೆ ಬೇಳೆಸಾರಿಗೆ ಮೂರು ಸಲ ಉಪ್ಪು ಬಿದ್ದ ದಿನ ನೀಲಗಂಗಮ್ಮನಿಗೆ ಜ್ಞಾನೋದಯವಾಯಿತು: ತನ್ನ ಮನೆ ನಡೆಯುತ್ತಿರುವುದು ಡಾಸ್ ಮೇಲೆ!

ಕೊಟ್ಟೂರಿನ ಶೇಂಗಾ ಸಂಘದ ಕಚೇರಿಗೆ ಎಂಬತ್ತೊಂಬತ್ತರಲ್ಲಿ ಎರಡು ಕಂಪ್ಯೂಟರ್ ಬಂದಿದ್ದವು. ಎರಡನ್ನೂ ದಿನಾ ಕುಟ್ಟುತ್ತಿದ್ದವಳು ಕ್ಲಾರ್ಕ್ ನೀಲಗಂಗಮ್ಮ ಒಬ್ಬಳೇ. (ಉಳಿದವರು ಊದಿನಕಡ್ಡಿ ಬೆಳಗಿ ದೂರದಿಂದಲೇ ಕೈ ಮುಗಿಯುತ್ತಿದ್ದರು.) ಒಂದನ್ನು ನಡೆಸುವುದು ಡಾಸ್ ಎಂಬ ವ್ಯವಸ್ಥೆ. ಪಾಪದ್ದು; ಯಾರು ಬಂದು ಕೂತರೂ ಅವರೇ ದೊರೆ, ಏನು ಬೇಕಾದರೂ ಅಳಿಸಬಹುದು. ಇನ್ನೊಂದನ್ನು ನಡೆಸುವುದು ಯುನಿಕ್ಸ್. ಅದಕ್ಕೆ ಮೂರು ಪರದೆ, ಮೂವರು ಒಮ್ಮೆಗೇ ದುಡಿಯಬಹುದು. ಆದರೆ ಮೊದಲು ಹೆಸರು ಹೇಳಿ, ಗುಟ್ಟಿನ ಮಾತು ಒಪ್ಪಿಸಬೇಕು. ಒಬ್ಬರಿಗೆ ನೋಡಲಷ್ಟೇ ಅಪ್ಪಣೆ, ಒಬ್ಬರಿಗೆ ತಿದ್ದಲೂ ಅಪ್ಪಣೆ. ಎಲ್ಲರ ಮೇಲೊಬ್ಬ ಯಜಮಾನ; ಅವನು ಆಡಿದ್ದೇ ಆಟ.

ಅವಳ ಅಡುಗೆಮನೆಯಲ್ಲೋ, ಅವಳು ಉಪ್ಪು ಹಾಕಿದ ಮೇಲೆ ಅತ್ತೆ ಅಂಜಿನಕ್ಕ ಹಾಕುವರು, ಆಮೇಲೆ ಗಂಡ ಪಾಲಾಕ್ಷಪ್ಪ ಮಾಸ್ತರರು ಹಾದುಹೋಗುತ್ತ ಸೇವೆ ಸಲ್ಲಿಸುವರು.

"ಇನ್ನ ಮ್ಯಾಲೆ ಈ ಮನ್ಯಾಗ ಯುನಿಕ್ಸ್!" ಎಂದು ಅವಳು ಸಾರಿದಳು. "ಒಲಿ, ಉಪ್ಪು, ನೀರು, ಉಗ್ರಾಣ ಎಲ್ಲಾ ನನ್ನವು. ನಾನು ಯಜಮಾನಿ."

"ನನಗೇನೈತಿ?" ಎಂದರು ಮಾಸ್ತರರು.

"ನಿಮಗ ನೋಡಾಕ ಅಷ್ಟ ಅಪ್ಪಣಿ."

"ನನಗ ಎಲಿಅಡಿಕಿ ಚೀಲ ಬಿಟ್ಟಿಯಲ್ಲ, ಸಾಕವ್ವ," ಎಂದರು ಅತ್ತೆ.

ಇಬ್ಬರೂ ಇಷ್ಟು ಸಲೀಸಾಗಿ ಒಪ್ಪಿದಾಗಲೇ ಅವಳು ಅನುಮಾನಪಡಬೇಕಿತ್ತು.

ಮರುವಾರ ಹಗರಿಬೊಮ್ಮನಹಳ್ಳಿಯ ಮುಖ್ಯ ಕಚೇರಿಯಿಂದ ಕರೆ ಬಂತು. ಎಲ್ಲ ಶಾಖೆಗಳಿಗೂ ಯಾವ ವ್ಯವಸ್ಥೆ ತರಬೇಕೆಂದು ಅವಳೇ ಬಂದು ಹೇಳಬೇಕು. ಚೆನ್ನಾಗಿ ಹೇಳಿದರೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ! ಮದುವೆಯಾದಂದಿನಿಂದ ಅಲ್ಲೇ ನಿಂತಿದ್ದ ಪಗಾರ ಕೊನೆಗೂ ಅಲುಗಾಡುವ ಲಕ್ಷಣ.

ಬಸ್ಸು ಎಂಟಕ್ಕೆ. ಅವಳು ಹಿತ್ತಲಲ್ಲಿ ಜಡೆ ಹೆಣೆಯುತ್ತಿದ್ದಾಗ ಸುಟ್ಟ ವಾಸನೆ ಬಂತು.

"ರೀ! ಹಾಲು ಉಕ್ಕಿ ಒಲಿ ಆರೈತಿ! ಇಲ್ಲೇ ಕುಂತೀರಲ್ರೀ ನೀವು!"

"ನೋಡೀನಿ ನೀಲಾ, ಪೂರಾ ನೋಡೀನಿ," ಎಂದರು ಮಾಸ್ತರರು ಪೇಪರ್ ಮಡಚುತ್ತ. "ಇಳಿಸಾಕ ಅಪ್ಪಣಿ ಇದ್ದಿದ್ರ ಇಳಿಸ್ತಿದ್ದೆ."

"ಅತ್ತಿ, ನೀವರ..."

"ನಳಾನೂ ಬಂದು ಹೋತವ್ವ. ಕೊಡ ಮುಟ್ಟಿದ್ರ ಎಲ್ಲಿ ನಿನ್ನ ಯುನಿಕ್ಸಪ್ಪ ಸಿಟ್ಟಾಗ್ತಾನೋ ಅಂತ ಸುಮ್ನ ಕುಂತೆ."

ತಾನೊಬ್ಬಳೇ ಮಾಡಬಹುದಾದದ್ದನ್ನೆಲ್ಲ ತಾನೊಬ್ಬಳೇ ಮಾಡಬೇಕು! ಯಜಮಾನಿಕೆಯ ಈ ಪರಮರಹಸ್ಯ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಅವಳು ಸೊಂಟದ ಬೀಗದಕೈ ಕಿತ್ತು ಗಂಡನ ಮಡಿಲಿಗೆ ಹಾಕಿದಳು. "ತಗೊಳ್ರಿ, ಸಂಜಿತನಕ ನೀವ ಯಜಮಾನರು."

ಮಾಸ್ತರರು ಮೀಸೆ ತಿರುವಿದರು. "ಹಂಗಾರ ಊರಿಗೆ ಹೋಗಾಕ ನನ್ನ ಅಪ್ಪಣಿ ಕೇಳು."

"ಮಾತು ಕೇಳದ ಯಜಮಾನಂದು ವೈರ್ ಕೀಳ್ತೀವ್ರಿ ನಮ್ಮ ಆಫೀಸಿನ್ಯಾಗ!" ಎಂದವಳೇ ಅವಳು ಬಸ್ಸಿಗೆ ಓಡಿದಳು.

ಸಭೆಯಲ್ಲಿ ಅವಳ ನಾಲಿಗೆ ಒಮ್ಮೆಯೂ ತಡವರಿಸಲಿಲ್ಲ. "ಒಬ್ಬರು ಕುಂತು ಪತ್ರ ಬರದು ಎದ್ದು ಹೋಗಾಕ ಡಾಸ್ ಚೊಲೊ ಐತ್ರಿ. ಹತ್ತು ಮಂದಿ ಕೈ ಹಾಕೋ ಲೆಕ್ಕಕ್ಕ ಯುನಿಕ್ಸೇ ಬೇಕು. ಆದ್ರ ಅದಕ್ಕ ಹಗಲೂ ರಾತ್ರಿ ಎಚ್ಚರ ಇರೋ ಯಜಮಾನರು ಬೇಕ್ರಿ."

ನಿರ್ದೇಶಕರೆಲ್ಲ ಚಪ್ಪಾಳೆ ತಟ್ಟಿದರು. ಅಧ್ಯಕ್ಷ ಎರ್ರೆಪ್ಪನವರಂತೂ ಎದ್ದೇ ನಿಂತರು. "ಎಲ್ಲಾ ಶಾಖೆಗೂ ಯುನಿಕ್ಸೇ! ಎಲ್ಲದಕ್ಕೂ ನೀನ ಯಜಮಾನಿ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಎಲ್ಲಿ ಕೆಟ್ರೂ ನೀನ ಓಡಬೇಕು ನೋಡು."

ನೀಲಗಂಗಮ್ಮ ಸೆರಗು ಸರಿಮಾಡಿಕೊಂಡಳು. "ಆಗಲ್ರಿ. ಪಗಾರ ಎಷ್ಟು ಏರಸ್ತೀರಿ?"

ಎರ್ರೆಪ್ಪನವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಏನೂ ಅರಿಯದ ಕೂಸನ್ನು ನೋಡುವಂತೆ ಅವಳನ್ನು ನೋಡಿ, ಅಕ್ಕರೆಯಿಂದ ಕೇಳಿದರು:

"ಪಗಾರ ಆಳಿಗವ್ವ! ನಿಮ್ಮ ಮನ್ಯಾಗೂ ನೀನ ಯಜಮಾನಿ ಅಲ್ಲೇನು? ಅಲ್ಲಿ ಯಾರರ ಕೊಡ್ತಾರೇನು?"