ಸೊಂಟಮಟ್ಟದ ನೀರಿನಲ್ಲಿ ಮೂರು ಜೀವದಾನ

ರಜೆ ಅರ್ಜಿಯ ‘ಕಾರಣ’ ಎಂಬ ಖಾನೆಯಲ್ಲಿ ನಿಜ ಬರೆದದ್ದೇ ಚಿಲಕ ಮಾಡಿದ ತಪ್ಪು.

ಅವನು ದುಡಿಯುತ್ತಿದ್ದ ಬೀಗದ ಕಾರ್ಖಾನೆಯಲ್ಲಿ ಆ ಖಾನೆಯೊಳಗೆ ನಿಜ ಬರೆದವರು ಅದುವರೆಗೆ ಯಾರೂ ಇರಲಿಲ್ಲ. ಸೊಂಟನೋವು, ಹಲ್ಲುನೋವು, ಇಲ್ಲವೇ ದೂರದ ಸಂಬಂಧಿಕರ ಸಾವು. ಪ್ಯಾಕಿಂಗ್‌ನಲ್ಲಿದ್ದ ಒಬ್ಬನ ಸೋದರತ್ತೆಯಂತೂ ಆರು ವರ್ಷದಲ್ಲಿ ಐದು ಸಲ ತೀರಿಕೊಂಡಿದ್ದಳು. ಯಾರೂ ಕೇಳಿರಲಿಲ್ಲ. ಆದರೆ ಚಿಲಕನಿಗೆ ಸುಳ್ಳು ಬರೆದರೆ ಕೈ ನಡುಗುತ್ತಿತ್ತು. ಎರಡು ದಿನ ಯೋಚಿಸಿ, ಒಂದು ಕಾಗದ ಹರಿದು, ಇನ್ನೊಂದರ ಮೇಲೆ ಗುಂಡಗಿನ ಅಕ್ಷರದಲ್ಲಿ ಬರೆದ: ‘ದ್ವೀಪದ ಕಡಲತೀರಕ್ಕೆ ಹೋಗಿ, ನೀರಿನಲ್ಲಿ ಮುಖವಿಟ್ಟುಕೊಂಡು, ಒಂದು ಗಂಟೆ ಏನನ್ನೂ ಕೇಳಿಸಿಕೊಳ್ಳದೆ ಇರಲು.’

ಚಿಲಕ ಅವನ ಹೆಸರಲ್ಲ. ಬಾಯಿ ತೆರೆಯುವುದಿಲ್ಲವೆಂದು ಕಾರ್ಖಾನೆಯವರು ಇಟ್ಟದ್ದು. ತೆರೆದು ಪ್ರಯೋಜನವಾದರೂ ಏನು? ಹತ್ತೊಂಬತ್ತು ವರ್ಷದಿಂದ ಅವನ ಕುರ್ಚಿ ಇದ್ದದ್ದು ಅಚ್ಚೊತ್ತುವ ಯಂತ್ರದಿಂದ ಆರು ಅಡಿ ದೂರದಲ್ಲಿ. ಹೊಸ ಬೀಗಕ್ಕೆ ಕೀಲಿ ಹಾಕು, ತಿರುಗಿಸು, ತೆಗೆ, ಮುಂದಿನ ಬೀಗ. ಪಕ್ಕದಲ್ಲಿ ಯಂತ್ರ, ಟಕ್-ಧಡಾರ್, ಟಕ್-ಧಡಾರ್, ನಿಮಿಷಕ್ಕೆ ನಲವತ್ತು ಸಲ. ಮನೆಗೆ ಬಂದರೆ ಎದುರಿಗೆ ಮೋಟಾರು ಗ್ಯಾರೇಜು. ಮೇಲಿನ ಮನೆಯವರು ದಿನಾ ಸಂಜೆ ಮಂಚವನ್ನು ಈ ಗೋಡೆಯಿಂದ ಆ ಗೋಡೆಗೆ ಎಳೆಯುತ್ತಿದ್ದರು. ಏಕೆಂದು ಅವರಿಗೂ ಗೊತ್ತಿದ್ದಂತಿರಲಿಲ್ಲ.

“ಕಿವಿಗೂ ಒಂದು ರಜೆ ಬೇಡ್ವೇನಪ್ಪಾ?” ಎಂದಿದ್ದರು ಕಿವಿ ಡಾಕ್ಟರು. ಅವರ ಕೋಣೆಯ ಹೊರಗೆ ಬಿದ್ದಿದ್ದ ಹಳೇ ಪತ್ರಿಕೆಯಲ್ಲಿ ಚಿಲಕ ಆ ದ್ವೀಪದ ಚಿತ್ರ ನೋಡಿದ. ವಾಹನವಿಲ್ಲ, ಅಂಗಡಿಯಿಲ್ಲ. ದಡದಿಂದ ಮೂವತ್ತು ಹೆಜ್ಜೆಗೇ ಹವಳದ ಬಂಡೆ. ಈಜು ಬಾರದವನೂ ಸೊಂಟಮಟ್ಟದ ನೀರಿನಲ್ಲಿ ಈಜುವ ಕನ್ನಡಕ ಹಾಕಿಕೊಂಡು, ಬಾಯಲ್ಲಿ ಉಸಿರು ನಳಿಗೆ ಕಚ್ಚಿಕೊಂಡು, ಬೋರಲು ತೇಲಬಹುದು. ಕೆಳಗೆ ಮೀನು, ಸುತ್ತ ಮೌನ. ಆ ಮೌನ ಎಂಬ ಮಾತನ್ನು ಅವನು ನಾಲ್ಕು ಸಲ ಓದಿದ. ಆಮೇಲೆ ಒಂದು ತಿಂಗಳು ಬಚ್ಚಲುಮನೆಯ ಬಕೆಟ್ಟಿನಲ್ಲಿ ಮುಖವಿಟ್ಟು ಅಭ್ಯಾಸ ಮಾಡಿದ.

ಆದರೆ ರಜೆ ಅರ್ಜಿ ಮ್ಯಾನೇಜರರ ಬಳಿ ಹೋಗುವ ಮೊದಲು ಸ್ಟೋರ್‌ಕೀಪರ್ ಅದಕ್ಕೆ ಮೊಹರು ಒತ್ತಬೇಕಿತ್ತು. ಆ ಸ್ಟೋರ್‌ಕೀಪರ್ ಕಾರ್ಖಾನೆಯ ಸುರಕ್ಷತಾ ಸಮಿತಿಯ ಅಧ್ಯಕ್ಷನೂ ಆಗಿದ್ದ. ಅವನು, ಕ್ಯಾಂಟೀನ್ ಅಕ್ಕ ಮತ್ತು ಚಿಲಕನ ಸ್ವಂತ ಭಾವಮೈದುನ, ಈ ಮೂವರು ಎಂಟು ಸಂಜೆ ಈಜುಕೊಳಕ್ಕೆ ಹೋಗಿ, ಮುಳುಗುವವರನ್ನು ಕಾಪಾಡುವ ತರಬೇತಿ ಪಡೆದಿದ್ದರು. ಸರ್ಟಿಫಿಕೇಟು ಕೈಗೆ ಬರಬೇಕಾದರೆ ಒಬ್ಬೊಬ್ಬರೂ ಒಂದೊಂದು ನಿಜವಾದ ಜೀವ ಉಳಿಸಿ, ಬದುಕಿ ಉಳಿದವನ ಸಹಿ ಇರುವ ವರದಿ ಕೊಡಬೇಕು. ಬೀಗದ ಕಾರ್ಖಾನೆಯಲ್ಲಿ ಮುಳುಗುವವರು ಯಾರು? ಎರಡು ವರ್ಷ ಕಾದರು. ಒಮ್ಮೆ ನೀರಿನ ತೊಟ್ಟಿಗೆ ಬೆಕ್ಕೊಂದು ಬಿದ್ದಿತ್ತು. ಇವರು ಹಗ್ಗ ತರುವಷ್ಟರಲ್ಲಿ ಅದು ತಾನೇ ಹತ್ತಿ ಹೋಯಿತು. ಬೆಕ್ಕಿಗೆ ಸಹಿಯೂ ಬರುತ್ತಿರಲಿಲ್ಲವೆನ್ನಿ.

ಹೀಗಿರುವಾಗ ‘ನೀರಿನಲ್ಲಿ ಮುಖವಿಟ್ಟುಕೊಂಡು’ ಎಂಬ ಅರ್ಜಿ ಮೇಜಿಗೆ ಬಂತು. ರೋಗಿ ಬಯಸಿದ್ದೂ ಹಾಲು-ಅನ್ನ, ವೈದ್ಯ ಹೇಳಿದ್ದೂ ಹಾಲು-ಅನ್ನ.

ರಜೆಯ ದಿನ ಬೆಳಿಗ್ಗೆ ದ್ವೀಪದ ದೋಣಿಯಲ್ಲಿ ಚಿಲಕ ಕಾಲಿಟ್ಟಾಗ, ಹಿಂದಿನ ಹಲಗೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಮೂವರು, ಮರದ ಮೇಲೆ ಸಾಲಾಗಿ ಕೂತ ಹದ್ದುಗಳಂತೆ ಅವನನ್ನೇ ನೋಡುತ್ತಿದ್ದರು.

“ಭಾವಾ! ನೀನೂ ಇಲ್ಲಿಗೇನಾ!” ಎಂದ ಭಾವಮೈದುನ. ಸುಳ್ಳು ಹೇಳಲು ಅವನಿಗೆ ಯಾವತ್ತೂ ಕೈ ನಡುಗುತ್ತಿರಲಿಲ್ಲ.

“ನಾವು ಸುಮ್ನೆ ಬಂದ್ವಿ ಕಣಯ್ಯಾ. ನೀನು ನಿನ್ನ ಪಾಡಿಗೆ ಮುಳುಗು,” ಎಂದಳು ಕ್ಯಾಂಟೀನ್ ಅಕ್ಕ.

“ತೇಲೋದು,” ಎಂದ ಚಿಲಕ.

“ಅದೇ, ಅದೇ.”

ಮೂರು ಗಂಟೆಗೆ ವಾಪಸು ದೋಣಿ. ಮುಂದಿನ ರಜೆ ಮುಂದಿನ ವರ್ಷ. ಮೂರರೊಳಗೆ ಒಂದೇ ಒಂದು ಗಂಟೆ ಸಿಕ್ಕರೆ ಸಾಕು ಎಂದು ಚಿಲಕ ಹಲ್ಲು ಕಚ್ಚಿ ಕೂತ.

ದ್ವೀಪ ಚಿತ್ರದಲ್ಲಿದ್ದ ಹಾಗೆಯೇ ಇತ್ತು. ಬಿಳಿ ಮರಳು, ಗಾಜಿನಂಥ ನೀರು, ಮಗುವಿನ ಉಸಿರಿನಷ್ಟೇ ಅಲೆ. ಕನ್ನಡಕ, ನಳಿಗೆ ಬಾಡಿಗೆಗೆ ಕೊಡುವ ಮುದುಕಿ, “ಏನೂ ಮಾಡ್ಬೇಡಪ್ಪಾ. ಸತ್ತವನ ಹಾಗೆ ಬಿದ್ಕೋ, ಉಳಿದದ್ದು ನೀರು ನೋಡ್ಕೊಳ್ಳುತ್ತೆ,” ಎಂದು ಕಳಿಸಿದಳು.

ಸತ್ತವನ ಹಾಗೆಯೇ ಬಿದ್ದುಕೊಂಡ. ಒಂದು ಹಳದಿ ಮೀನು ಬಂದು ಮೂಗಿನೆದುರು ನಿಂತು ಇವನ್ಯಾರು ಎಂದು ನೋಡಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ ಗದ್ದಕ್ಕೆ ಕೈ ಹಾಕಿ, ಹಿಟ್ಟಿನ ಮೂಟೆ ಎಳೆದಂತೆ ಎಳೆಯತೊಡಗಿದರು.

“ಹೆದರ್ಬೇಡ! ನಾನಿದ್ದೀನಿ!” ಕ್ಯಾಂಟೀನ್ ಅಕ್ಕನ ದನಿ.

“ಬಿಡೇ ಅಕ್ಕಾ!” ಎಂದು ಚಿಲಕ ಕೂಗಿದ್ದು ನಳಿಗೆಯೊಳಗಿಂದ ತುತ್ತೂರಿಯ ಹಾಗೆ ಹೊರಬಂತು.

“ಅಯ್ಯೋ, ಕೊನೇ ಉಸಿರು ಎಳೀತಿದ್ದಾನೆ!” ಎಂದು ಅಕ್ಕ ಇನ್ನಷ್ಟು ಜೋರಾಗಿ ಎಳೆದಳು. ದಿನಕ್ಕೆ ಮುನ್ನೂರು ಜನರ ಪಾತ್ರೆ ಎತ್ತುವ ಕೈ ಅದು. ದಡದಲ್ಲಿ ಬೋರಲು ಕೆಡವಿ ಬೆನ್ನಿನ ಮೇಲೆ ಎರಡು ಕೈಯಿಂದ ಒತ್ತಿದಾಗ, ಚಿಲಕನ ಬಾಯಿಂದ ನೀರು ಬರಲಿಲ್ಲ. ಬೆಳಗಿನ ಬ್ರೆಡ್ಡು ಬಂತು.

“ನಾನು ಮುಳುಗ್ತಾ ಇರ್ಲಿಲ್ಲ!” ಎಂದ, ಉಸಿರು ಬಂದ ಮೇಲೆ. “ನೀರು ಸೊಂಟದವರೆಗೂ ಇಲ್ಲ! ಎದ್ದು ನಿಂತ್ರೆ ಮುಗೀತು!”

ಮೂವರೂ ಪರಸ್ಪರ ನೋಡಿಕೊಂಡು ಅರ್ಥಪೂರ್ಣವಾಗಿ ತಲೆಯಾಡಿಸಿದರು.

“ನಾಲ್ಕನೇ ಪಾಠ,” ಎಂದ ಸ್ಟೋರ್‌ಕೀಪರ್ ಮೆಲ್ಲಗೆ. “‘ಮುಳುಗುವವನು ಗಾಬರಿಯಲ್ಲಿ ನಾನು ಮುಳುಗುತ್ತಿಲ್ಲ ಎನ್ನುತ್ತಾನೆ. ನಂಬಬೇಡಿ.’ ಪುಸ್ತಕದಲ್ಲಿ ಇದ್ದ ಹಾಗೇ ಹೇಳ್ತಿದ್ದಾನಲ್ರೀ!”

“ಹಾಗಾದ್ರೆ ಮುಳುಗದೇ ಇರೋನು ಏನನ್ಬೇಕು?” ಎಂದ ಚಿಲಕ.

“ಮುಳುಗದೇ ಇರೋನು ಯಾಕಯ್ಯಾ ಮಾತಾಡ್ತಾನೆ?”

ಅಕ್ಕ ವರದಿಯ ಕಾಗದ ಮುಂದೆ ಹಿಡಿದಳು. ಚಿಲಕ ಸಹಿ ಹಾಕಲಿಲ್ಲ. ಸುಳ್ಳು ಬರೆಯುವುದಿದ್ದರೆ ಸೊಂಟನೋವೆಂದೇ ಬರೆದು ಬಿಡುತ್ತಿರಲಿಲ್ಲವೇ?

ಎರಡನೇ ಸಲ ಅವನು ತೀರದ ಇನ್ನೊಂದು ತುದಿಗೆ ಹೋದ. ಬಂಡೆಯ ಮರೆಯಲ್ಲಿ ಸದ್ದಿಲ್ಲದೆ ನೀರಿಗಿಳಿದ. ನಳಿಗೆ ಸರಿಮಾಡಿ ಮುಖವಿಟ್ಟು ಒಂದು ನಿಮಿಷವಾಗಿರಲಿಲ್ಲ, ತಲೆಯ ಮೇಲೆ ಏನೋ ಧೊಪ್ಪನೆ ಬಿತ್ತು. ಮುಳುಗುವವರು ಹಿಡಿದುಕೊಳ್ಳಲೆಂದು ಹಗ್ಗ ಕಟ್ಟಿ ಭಾವಮೈದುನ ಎಸೆದ ರಬ್ಬರ್ ಬಳೆ. ಮಂಡೆಗೆ ತಾಗಿ, ನಳಿಗೆ ಕಿತ್ತು ಹೋಗಿ, ಅರ್ಧ ಸೇರು ಉಪ್ಪುನೀರು ಗಂಟಲಿಗೆ ಇಳಿದು, ಚಿಲಕ ನಿಜವಾಗಿಯೂ ಕೈಕಾಲು ಬಡಿಯತೊಡಗಿದ.

“ನೋಡಿದ್ರಾ? ನಾನು ಎಸೆಯೋದು ಒಂದು ಕ್ಷಣ ತಡವಾಗಿದ್ರೆ!” ಎಂದು ಭಾವಮೈದುನ ಹಗ್ಗ ಜಗ್ಗಿದ. “ನಿನಗೇನಾದ್ರೂ ಆದ್ರೆ ನಾನು ಮನೇಲಿರೋ ನಮ್ಮಕ್ಕನಿಗೆ ಮುಖ ತೋರಿಸೋದು ಹೇಗೆ ಭಾವಾ?”

“ಈಗಲೂ ತೋರಿಸ್ಬೇಡ,” ಎಂದ ಚಿಲಕ ಕೆಮ್ಮುತ್ತಾ. “ನನಗಂತೂ ತೋರಿಸ್ಲೇಬೇಡ.”

“ಜೀವ ಉಳಿಸಿದವನಿಗೆ ಆಡೋ ಮಾತಾ ಇದು?”

“ತೆಗೆದವನೇ ನೀನು, ಉಳಿಸಿದವನೂ ನೀನೇನಾ?”

ನೆತ್ತಿಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು ಎದ್ದಿತ್ತು. ಗಂಟೆ ಹನ್ನೆರಡಾಗಿತ್ತು. ಚಿಲಕ ಮುದುಕಿಯ ಬಳಿ ಹೋಗಿ, ಇಲ್ಲಿ ಕೇಳುವವರು ಯಾರೂ ಇಲ್ಲವೇ, ತನ್ನಷ್ಟಕ್ಕೆ ತೇಲುವವನನ್ನು ಹೀಗೆ ಎಳೆದಾಡಬಹುದೇ ಎಂದು ನ್ಯಾಯ ಕೇಳಿದ. ಮುದುಕಿ ಅವನ ನೆತ್ತಿ ನೋಡಿ, ಕಿತ್ತಳೆ ಜಾಕೆಟ್ಟುಗಳನ್ನು ನೋಡಿ, “ನಿಮ್ಮವರು ನಿನ್ನ ಮೇಲೆ ಜೀವಾನೇ ಇಟ್ಕೊಂಡಿದ್ದಾರಪ್ಪಾ. ಪುಣ್ಯವಂತ!” ಎಂದಳು.

ಚಿಲಕ ಮತ್ತೆ ನೀರಿಗಿಳಿದು ಮುಖವಿಟ್ಟ. ಮೂರನೆಯದು ಸ್ಟೋರ್‌ಕೀಪರನ ಸರದಿ. ಅವನಿಗೆ ಒಂದು ತೊಂದರೆ ಇತ್ತು: ಈಜು ಬರುತ್ತಿರಲಿಲ್ಲ. ಎಂಟು ಸಂಜೆಯೂ ಕೊಳದ ಮೆಟ್ಟಿಲ ಮೇಲೆ ಕೂತು ಟಿಪ್ಪಣಿ ಬರೆದುಕೊಂಡವನು. ಅದಕ್ಕೇ ಅವನು ಪುಟ್ಟ ದೋಣಿಯೊಂದನ್ನು ಹಿಡಿದು, ಸೌಟಿನಿಂದ ಸಾರು ಕಲಕಿದ ಹಾಗೆ ಹುಟ್ಟು ಹಾಕುತ್ತಾ ಬಂದ.

“ಗಾಬರಿ ಆಗ್ಬೇಡ! ಅಧ್ಯಕ್ಷರು ಬರ್ತಿದ್ದಾರೆ!” ಎಂದು ಎದ್ದು ನಿಂತ. ದೋಣಿ ಮಗುಚಿತು.

ಚಿಲಕ ತಲೆ ಎತ್ತಿ ನೋಡಿದಾಗ ಎರಡು ಕಾಲು ಮಾತ್ರ ಕಾಣುತ್ತಿತ್ತು, ಅದೂ ಬೂಟಿನ ಸಮೇತ. ಜಾಕೆಟ್ಟನ್ನು ತಲೆಕೆಳಗಾಗಿ ತೊಟ್ಟಿದ್ದನೋ ಏನೋ. ಬಿಟ್ಟುಬಿಡಲೇ ಎಂಬ ಯೋಚನೆ ಅವನಿಗೆ ಬರಲಿಲ್ಲವೆಂದರೆ ಅದು ಸುಳ್ಳು. ಬಂತು, ಒಂದು ಕ್ಷಣ ನಿಂತಿತು, ಹೋಯಿತು. ನಡೆದುಕೊಂಡೇ ಹೋಗಿ, ಅಧ್ಯಕ್ಷರ ಕೊರಳಪಟ್ಟಿ ಹಿಡಿದೆತ್ತಿ, ದೋಣಿಯನ್ನು ಇನ್ನೊಂದು ಕೈಯಲ್ಲಿ ಎಳೆದು, ಇಬ್ಬರನ್ನೂ ದಡ ಸೇರಿಸಿದ.

ಸ್ಟೋರ್‌ಕೀಪರ್ ಕಿವಿಯೊಳಗಿನ ಮರಳು ಕೊಡವಿ, ಕನ್ನಡಕ ಒರೆಸಿ, ಪ್ಲಾಸ್ಟಿಕ್ ಚೀಲದಿಂದ ಒದ್ದೆಯಾಗದ ವರದಿ ಕಾಗದ ತೆಗೆದ. ‘ಮುಳುಗಿದವರು’ ಎಂಬಲ್ಲಿ ಚಿಲಕನ ಹೆಸರನ್ನೂ, ‘ಕಾಪಾಡಿದವರು’ ಎಂಬಲ್ಲಿ ತನ್ನ ಹೆಸರನ್ನೂ ಬರೆದ.

ಹತ್ತೊಂಬತ್ತು ವರ್ಷ ಮುಚ್ಚಿದ್ದ ಚಿಲಕ ಆಗ ಪೂರ್ತಿ ತೆರೆಯಿತು.

“ಏನ್ರೀ ಅನ್ಯಾಯ ಇದು! ನಿಮ್ಮನ್ನ ಎತ್ತಿದ್ದು ನಾನು! ನನ್ನ ಕೈಲಿ ನಿಮ್ಮ ಗುಂಡಿ ಇದೆ ನೋಡಿ, ಕಿತ್ತು ಬಂದಿದ್ದು!”

“ಒಪ್ತೀನಿ ಕಣಯ್ಯಾ, ನಾನೇನು ಕೃತಘ್ನನಲ್ಲ,” ಎಂದ ಸ್ಟೋರ್‌ಕೀಪರ್ ನೊಂದ ದನಿಯಲ್ಲಿ. “ಆದ್ರೆ ನೀನು ಸಮಿತಿ ಸದಸ್ಯ ಅಲ್ಲ. ಸದಸ್ಯರಲ್ಲದವರು ಕಾಪಾಡೋಕೆ ಬರಲ್ಲ. ಹಾಗೆ ಬರೆಯೋಕೆ ಖಾನೆಯೇ ಇಲ್ಲ. ಇಬ್ಬರೂ ಒದ್ದೆ, ಇಬ್ಬರೂ ಬದುಕಿದ್ದೀವಿ. ಒಬ್ಬ ಸದಸ್ಯ, ಒಬ್ಬ ಅಲ್ಲ. ಲೆಕ್ಕ ನೀನೇ ಹಾಕು.”

“ನಾನು ಬಂದದ್ದು ಒಂದು ಗಂಟೆ ಸುಮ್ನಿರೋಕೆ! ಒಂದೇ ಗಂಟೆ! ಒಬ್ರೂ ಮಾತಾಡದೆ, ಮುಟ್ಟದೆ, ಕಾಪಾಡದೆ! ಅದೂ ಅತಿಯಾಯ್ತಾ?” ಆ ಕೂಗಿಗೆ ತೀರದ ಬೆಳ್ಳಕ್ಕಿಗಳೆಲ್ಲ ಹಾರಿಹೋದವು.

ಕ್ಯಾಂಟೀನ್ ಅಕ್ಕನ ಕಣ್ಣು ತೇವವಾಯಿತು. “ಮೊದಲೇ ಹೇಳಬಾರ್ದಿತ್ತಾ? ಕೇಳಿದ್ರೆ ಇಲ್ಲ ಅಂತಿದ್ವಾ?”

“ಅರ್ಜೀಲೇ ಬರೆದಿದ್ದೆ!”

“ಅರ್ಜೀಲಿ ಯಾರಯ್ಯಾ ನಿಜ ಬರೀತಾರೆ?” ಎಂದ ಸ್ಟೋರ್‌ಕೀಪರ್.

ಕೊನೆಗೆ ರಾಜಿ ಆಯಿತು. ಚಿಲಕ ಮೂರು ವರದಿಗೂ ಸಹಿ ಹಾಕುವುದು. ಬದಲಿಗೆ ಒಂದೂವರೆಯಿಂದ ಎರಡೂವರೆಯವರೆಗೆ ಸಮಿತಿಯವರು ತುಟಿ ಬಿಚ್ಚದೆ ಮರಳ ಮೇಲೆ ಕೂರುವುದು. ಸಹಿ ಹಾಕುವಾಗ ಚಿಲಕನ ಕೈ ಮೂರು ಸಲವೂ ನಡುಗಿತು. ಸ್ಟೋರ್‌ಕೀಪರ್ ಕರಾರನ್ನು ಮಸಿಕಾಗದ ಇಟ್ಟು ಮೂರು ಪ್ರತಿ ಬರೆದ. ಬೆಳಗಿನಿಂದ ಪಾಠ ಕಲಿತಿದ್ದ ಚಿಲಕ ಒಂದು ಷರತ್ತನ್ನು ತಾನೇ ಸೇರಿಸಿದ: ‘ನಳಿಗೆಯಿಂದ ಎಂಥ ಸದ್ದು ಬಂದರೂ, ಬಾಯಿಂದ ಎಂಥ ಮಾತು ಬಂದರೂ, ನಾನೇ ಕೈಮುಗಿದು ಬೇಡಿಕೊಂಡರೂ, ಗಂಟೆ ಮುಗಿಯುವವರೆಗೆ ನಂಬತಕ್ಕದ್ದಲ್ಲ, ಉತ್ತರಿಸತಕ್ಕದ್ದಲ್ಲ.’

“ಇದು ನಮ್ಮ ನಾಲ್ಕನೇ ಪಾಠಕ್ಕಿಂತ ಚೆನ್ನಾಗಿದೆ,” ಎಂದು ಸ್ಟೋರ್‌ಕೀಪರ್ ಮೆಚ್ಚಿ, ಸೀಟಿ ಊದಿದ. ಮೂವರೂ ಬಾಯಿ ಮುಚ್ಚಿ ಸಾಲಾಗಿ ಕೂತರು.

ಚಿಲಕ ನೀರಿಗಿಳಿದ. ಮುಖವಿಟ್ಟ.

ಯಾರೂ ಬರಲಿಲ್ಲ. ಹವಳದ ಕೊಂಬೆಗಳ ನಡುವೆ ಬಿಸಿಲು ಬಲೆ ಹೆಣೆದಿತ್ತು. ನೀಲಿ ಮೀನುಗಳು, ಪಟ್ಟೆ ಮೀನುಗಳು, ಸೂಜಿಯಂಥ ಮೀನುಗಳು, ಸಾವಿರಾರು ಜೀವ, ಒಂದಕ್ಕೂ ಬಾಯಿ ಮಾಡುವ ಚಾಳಿಯಿಲ್ಲ. ಆಮೆಯೊಂದು ಪಿಂಚಣಿ ಪಡೆದ ಗುಮಾಸ್ತನಂತೆ ನಿಧಾನವಾಗಿ ದಾಟಿಹೋಯಿತು. ಐದು ನಿಮಿಷ. ಏದುಸಿರು ಇಳಿಯಿತು. ಎದೆಬಡಿತ ಇಳಿಯಿತು. ಲೋಕದ ಸದ್ದೆಲ್ಲ ಒಂದೊಂದಾಗಿ ಹಿಂದೆ ಸರಿಯಿತು. ಹತ್ತು ನಿಮಿಷಕ್ಕೆ ಪೂರ್ತಿ, ಪರಿಪೂರ್ಣ, ಪತ್ರಿಕೆಯಲ್ಲಿ ಬರೆದಿದ್ದಂಥ ಮೌನ.

ಆ ಮೌನದೊಳಗೆ, ಸ್ಪಷ್ಟವಾಗಿ: ಟಕ್-ಧಡಾರ್.

ಚಿಲಕ ತಲೆ ಎತ್ತಿ ನೋಡಿದ. ದೋಣಿಯಿಲ್ಲ, ಯಂತ್ರವಿಲ್ಲ. ಮತ್ತೆ ಮುಖವಿಟ್ಟ. ಟಕ್-ಧಡಾರ್, ಟಕ್-ಧಡಾರ್. ಕೈಗಡಿಯಾರ ನೋಡಿ ಎಣಿಸಿದ. ನಿಮಿಷಕ್ಕೆ ನಲವತ್ತು, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಯಂತ್ರ ಯಾವ ವರ್ಷವೋ ಶೆಡ್ಡು ಬಿಟ್ಟು ಅವನ ತಲೆಯೊಳಕ್ಕೇ ಬಂದು ನೆಲೆಸಿತ್ತು. ಗ್ಯಾರೇಜು, ಮೇಲಿನ ಮನೆಯ ಮಂಚ, ಕ್ಯಾಂಟೀನ್ ಅಕ್ಕನ ಗಂಟಲು, ಇವೆಲ್ಲ ಸೇರಿ ಪಾಪ, ಇಷ್ಟು ಕಾಲ ಅದನ್ನು ಮುಚ್ಚಿಟ್ಟಿದ್ದವು. ಈಗ ತಡೆಯುವವರೇ ಇಲ್ಲ. ಬಂಡೆಯ ಮೇಲೆ ಬಂಡೆ ಅಪ್ಪಳಿಸಿದಂತೆ, ಹತ್ತೊಂಬತ್ತು ವರ್ಷದ ಬೀಗಗಳೆಲ್ಲ ಒಟ್ಟಿಗೇ ಬಿದ್ದಂತೆ, ಟಕ್-ಧಡಾರ್!

ಅವನು ಎದ್ದು, ನೀರನ್ನು ಒದೆಯುತ್ತಾ ದಡಕ್ಕೆ ಓಡಿಬಂದ.

“ಸಾಕು! ಮುಗೀತು! ಮಾತಾಡ್ರೀ!” ಎಂದ.

ಮೂವರೂ ಕದಲಲಿಲ್ಲ.

“ಅಕ್ಕಾ, ಏನಾದ್ರೂ ಹೇಳೇ! ಯಾರನ್ನಾದ್ರೂ ಬೈಯಿ! ನನ್ನನ್ನೇ ಬೈಯಿ!”

ಭಾವಮೈದುನ ಬಾಯಿ ತೆರೆದ. ಅಕ್ಕ ತನ್ನ ಅಗಲವಾದ ಅಂಗೈಯಿಂದ ಅದನ್ನು ಮುಚ್ಚಿದಳು.

“ನಿಮ್ಮ ದಮ್ಮಯ್ಯ ಕಣ್ರೀ! ನಿಜವಾಗ್ಲೂ ಹೇಳ್ತಿದ್ದೀನಿ! ಕಾಪಾಡ್ರೀ!” ಚಿಲಕ ಕೈ ಮುಗಿದ.

ಸ್ಟೋರ್‌ಕೀಪರ್ ಕರಾರು ಬಿಡಿಸಿ, ಷರತ್ತಿನ ಮೇಲೆ ಬೆರಳಿಟ್ಟು ತೋರಿಸಿದ. ಆಮೇಲೆ ಗಡಿಯಾರ ನೋಡಿ ನಾಲ್ಕು ಬೆರಳು ಎತ್ತಿದ, ಇಳಿಸಿ ಏಳು ಬೆರಳು ಎತ್ತಿದ: ಇನ್ನೂ ನಲವತ್ತೇಳು ನಿಮಿಷ. ಕ್ಯಾಂಟೀನ್ ಅಕ್ಕ, ಬದುಕಿನಲ್ಲಿ ಮೊಟ್ಟಮೊದಲ ಬಾರಿಗೆ ಹದಿಮೂರು ನಿಮಿಷ ಸುಮ್ಮನಿದ್ದವಳು, ಕೊಟ್ಟ ಮಾತು ಉಳಿಸಿಕೊಂಡ ಸಾರ್ಥಕತೆಯಿಂದ ಮುಗುಳ್ನಕ್ಕು, ತುಟಿಯ ಮೇಲೆ ಬೆರಳಿಟ್ಟಳು.